ಅದು ಅವನ ಕೈಯಲ್ಲ

ಮೇಷ್ಟ್ರು ಹಳೆಯ ಅಂಗಿಗಳ ಗಂಟನ್ನು ಕತ್ತರಿ ಮೇಜಿನ ಮೇಲೆ ಇಳಿಸಿ, ಕೂರಲು ಹೇಳಿದರೂ ಕೂರದೆ ನಿಂತರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಸ್ಯಾಕ್ಸೊಫೋನ್ ನುಡಿಸುತ್ತಾರೆ. ಐದು ಜನರ ಲ್ಯಾಟಿನ್ ಜಾಝ್ ತಂಡವೊಂದನ್ನು ಕಟ್ಟಿ, ಅದು ಒಡೆಯದ ಹಾಗೆ ಇಷ್ಟು ವರ್ಷ ನೋಡಿಕೊಂಡದ್ದಕ್ಕೆ ತಂಡದವರೇ ಕೊಟ್ಟ ಹೆಸರು ಅದು. ಬಂದ ಕೂಡಲೇ ಕುರ್ಚಿ ಎಳೆದುಕೊಂಡು ಚಹಾ ಕೇಳುವ ಮನುಷ್ಯ ಇವತ್ತು ನಿಂತೇ ಇದ್ದದ್ದು ಟೈಲರಮ್ಮನ ಕಣ್ಣಿಗೆ ಬಿತ್ತು.

"ಆರು ಅಂಗಿ ಹೊಲೀಬೇಕಮ್ಮ. ಆಲ್ಬಮ್ ಹೊರಗೆ ಬರೋ ದಿನ ಎಲ್ಲರಿಗೂ ಒಂದೇ ಬಣ್ಣ. ಅಳತೆಗೆ ಅಂತ ಹಳೇವು ತಂದಿದೀನಿ."

"ಆರಾ? ನೀವು ಐದು ಜನ ಅಲ್ವಾ?"

"ಹೊಸಬ ಒಬ್ಬ ಸೇರಿದಾನೆ," ಎಂದು ಮೇಷ್ಟ್ರು ಕಿಟಕಿಯ ಕಡೆ ನೋಡಿದರು. ಕಿಟಕಿಯಾಚೆ ಎದುರುಮನೆಯ ಗೋಡೆ ಬಿಟ್ಟರೆ ನೋಡುವಂಥದ್ದೇನೂ ಇರಲಿಲ್ಲ.

ಅವಳು ಗಂಟು ಬಿಚ್ಚಿದಳು. ಮೊಣಕೈ ಸವೆದದ್ದು ಪಿಯಾನೊದವನದು. ಹೊಟ್ಟೆಯ ಗುಂಡಿಗೆ ಎರಡು ಸಲ ಮರುಜನ್ಮ ಕೊಟ್ಟದ್ದು ಬಾಸ್ ನುಡಿಸುವವನದು. ಎಲ್ಲವೂ ಅವಳು ಹೊಲಿದವೇ. ತಳದಲ್ಲಿದ್ದ ಒಂದು ಮಾತ್ರ ಬೇರೆಯವರ ಹೊಲಿಗೆ. ಸಣ್ಣ ಸೊಂಟ, ಅರ್ಧ ತೋಳು.

ಆ ತಂಡದಲ್ಲಿ ಅರ್ಧ ತೋಳಿನ ಅಂಗಿ ಒಬ್ಬನಿಗೇ. ಕಾಂಗಾ ಬಾರಿಸುವವನಿಗೆ. ಎತ್ತರದ ಎರಡು ಡ್ರಮ್ಮುಗಳನ್ನು ಬರಿಗೈಯಲ್ಲಿ ಬಾರಿಸುವಾಗ ತೋಳಿನ ಪಟ್ಟಿ ಚರ್ಮಕ್ಕೆ ತಾಗಿ ಸದ್ದು ಮಾಡಿದರೆ ಮೈಕು ಅದನ್ನೂ ಹಿಡಿದುಬಿಡುತ್ತದೆ. ಮದುವೆಯಾದ ಹೊಸದರಲ್ಲಿ ಗಂಡನ ಅಂಗಿಯ ತೋಳನ್ನು ಮೊಣಕೈ ಮೇಲಕ್ಕೆ ಕತ್ತರಿಸಿದವಳು ಅವಳೇ. ಅಂದಿನಿಂದ ಕಾಂಗಾ ಎಂದರೆ ಅವಳ ಗಂಡ, ಅರ್ಧ ತೋಳು ಎಂದರೂ ಅವಳ ಗಂಡ.

"ಇದು ಯಾರದು?"

"ಅದೇ, ಹೊಸಬನದು."

"ನಮ್ಮನೆಯವರಿಗೆ?"

"ಅವನಿಗೆ ತುಂಬುತೋಳು ಹಾಕು. ಅಳತೆ ನಿನಗೆ ಕಣ್ಣು ಮುಚ್ಚಿದ್ರೂ ಗೊತ್ತಲ್ಲ." ಅಂದಮೇಲೆ ಮೇಷ್ಟ್ರಿಗೆ ಏನೋ ಹೊಳೆದಿರಬೇಕು. "ಈಗಿನ ಫ್ಯಾಶನ್ನೇ ಹಾಗಂತೆ," ಎಂದು ಸೇರಿಸಿದರು.

ಫ್ಯಾಶನ್ನಿನ ವಿಷಯದಲ್ಲಿ ಟೈಲರಿಗೇ ಸುಳ್ಳು ಹೇಳುವ ಧೈರ್ಯ ಮಾಡಿದವರು ಅವರೇ ಮೊದಲು. ಅವಳು ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡಳು.

ಹೊರಡುವ ಮುಂಚೆ ಮೇಷ್ಟ್ರು ಜೇಬಿನಿಂದ ಬಿಳಿ ಲಕೋಟೆಯಲ್ಲಿದ್ದ ಡಿಸ್ಕೊಂದನ್ನು ತೆಗೆದರು. ಮೇಲೆ ಹೆಸರಿಲ್ಲ, ಚಿತ್ರವಿಲ್ಲ. "ಇದನ್ನ ಅವನಿಗೆ ಕೊಡು. ನೀನು ಈಗಲೇ ಕೇಳ್ಬೇಡ. ಇನ್ನೂ ಹಸಿ ಇದೆ."

ಕೇಳಬೇಡ ಎಂದು ಹೇಳಿಸಿಕೊಂಡ ಮೇಲೆ ಕೇಳದೆ ಇರಲು ಅವಳೇನು ಸನ್ಯಾಸಿನಿಯೇ?

ಆದರೂ ಡಿಸ್ಕನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂತಳು. ಅನುಮಾನ ಇವತ್ತು ಹುಟ್ಟಿದ್ದಲ್ಲ. ಚಳಿಗಾಲ ಮುಗಿಯುವಾಗ ಗಂಡ ತನ್ನ ಡ್ರಮ್ಮುಗಳನ್ನು ಮನೆಯಿಂದ ಸ್ಟುಡಿಯೋಕ್ಕೆ ಸಾಗಿಸಿದ್ದ. ಪಕ್ಕದ ಮನೆಯವರು ಗಲಾಟೆ ಅಂತಾರೆ ಎಂದಿದ್ದ. ಅದೇ ಪಕ್ಕದ ಮನೆಯಾಕೆ ಒಂದು ದಿನ ಬಟ್ಟೆ ಒಣಹಾಕುತ್ತಾ, "ಯಾಕ್ರೀ, ನಿಮ್ಮನೆಯವರು ಬಾರಿಸೋದೇ ಇಲ್ಲ? ಆ ಸದ್ದು ಇಲ್ದೆ ಮಧ್ಯಾಹ್ನ ನಿದ್ದೆ ಬರಲ್ಲ," ಎಂದು ಕೇಳಿದ್ದಳು. ಅವತ್ತು ಅವಳು ನಕ್ಕು ಮಾತು ಮರೆಸಿದ್ದಳು.

ಆಮೇಲೆ ಕೈ. ಗಂಡನ ಅಂಗೈ ದನದ ಗೊರಸಿನಂತೆ ಇರುತ್ತಿತ್ತು. ಹಾಗೆಂದು ಅವಳೇ ಹಂಗಿಸುತ್ತಿದ್ದಳು. ಬರಬರುತ್ತಾ ಅದು ಮೆತ್ತಗಾಯಿತು. ಮಧ್ಯಾಹ್ನ ಊಟ ಮುಗಿಸಿ "ರೆಕಾರ್ಡಿಂಗ್" ಎಂದು ಹೋದವನು ಸಂಜೆ ಬರುವಾಗ ಕೈಗೆ ಎಂಥದೋ ವಾಸನೆ ಮೆತ್ತಿಕೊಂಡಿರುತ್ತಿತ್ತು. ಎಣ್ಣೆಯಲ್ಲ, ಮನೆಯ ಸೋಪೂ ಅಲ್ಲ. ಆರಿದ ಮೇಣದಬತ್ತಿಯ ಹತ್ತಿರ ಹತ್ತಿರದ ವಾಸನೆ. ಅತ್ತೆಗೆ ಹೇಳಿ ನೋಡಿದ್ದಳು. ಆಸ್ಪತ್ರೆಯಲ್ಲಿ ದಾದಿಯಾಗಿದ್ದು ನಿವೃತ್ತರಾದ ಅತ್ತೆ ಎಂಥ ಹುಣ್ಣಿನ ವಿಷಯವನ್ನೂ ಊಟದ ತಟ್ಟೆಯ ಮುಂದೆ ಮಾತಾಡುವವರು. ಆ ದಿನ ಮಾತ್ರ, "ಗಂಡಸರ ಕೈ ಮೆತ್ತಗಾದ್ರೆ ನಿನಗೇನು ನಷ್ಟ? ನಿನ್ನ ಕೈಯನ್ನ ನೋಡ್ಕೋ, ಸೂಜಿ ಚುಚ್ಚಿ ಚುಚ್ಚಿ ಜರಡಿ ಆಗಿದೆ," ಎಂದು ಎದ್ದು ಒಳಗೆ ಹೋಗಿದ್ದರು.

ಬೇರೆ ಯಾರದೋ ಮನೆ, ಬೇರೆ ಯಾರದೋ ಬಚ್ಚಲು, ಬೇರೆ ಯಾರದೋ ಸೋಪು. ಅವಳ ತಲೆ ಅಲ್ಲಿಗೆ ಹೋಗಿ ನಿಂತದ್ದು ಅಂದಿನಿಂದ. ಕೇಳಿಬಿಡಬಹುದಿತ್ತು. ಕೇಳಿದರೆ ಉತ್ತರ ಬಂದುಬಿಟ್ಟೀತು ಎಂದು ಕೇಳಿರಲಿಲ್ಲ.

ನೂಲಿನ ಡಬ್ಬಿಗಳ ನಡುವೆ ಇದ್ದ ಹಳೆಯ ಪ್ಲೇಯರಿನ ಧೂಳು ಒರೆಸಿ ಡಿಸ್ಕ್ ಹಾಕಿದಳು.

ಮೊದಲನೆಯದು ಓಡುವ ಹಾಡು. ಹಾಡು ಎಂದರೆ ಮಾತಿಲ್ಲ, ವಾದ್ಯಗಳಷ್ಟೆ. ಪಿಯಾನೊ ಒಂದೇ ಮಾತನ್ನು ತಿರುಗಾ ಮುರುಗಾ ಹೇಳುತ್ತಿರುವಾಗ ಸ್ಯಾಕ್ಸೊಫೋನ್ ಬಾಗಿಲು ತಳ್ಳಿಕೊಂಡು ಒಳಗೆ ಬಂತು, ಊರಿನ ಸುದ್ದಿಯನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಬೇಕೆನ್ನುವ ನೆಂಟನ ಹಾಗೆ. ಎಂಥ ಅನುಮಾನದಲ್ಲಿದ್ದರೂ ಅವಳ ಕಾಲು ಆಡಿತು. ಎರಡನೆಯದು ನಿಧಾನ. ಅಲ್ಲಿ ಮೇಷ್ಟ್ರು ಸ್ವರವನ್ನು ಊದುವುದಕ್ಕಿಂತ ಬಿಡುವುದೇ ಹೆಚ್ಚು. ಒಂದು ಸ್ವರ ಮುಗಿದ ಮೇಲೂ ಉಸಿರು ಸ್ವಲ್ಪ ದೂರ ನಡೆದುಕೊಂಡು ಹೋಗುವುದು ಕೇಳಿಸುತ್ತಿತ್ತು. ಲ್ಯಾಟಿನ್ ಸಂಗೀತ ಎಂದರೆ ಕುಣಿತ ಎಂದುಕೊಂಡವರು ಇದನ್ನು ಕೇಳಿದರೆ ಮೋಸ ಹೋದೆವು ಎನ್ನಬಹುದು. ಕುಣಿದು ಮುಗಿಸಿ ಚಪ್ಪಲಿ ಹುಡುಕುವವರ ಸಂಗೀತ ಅದು.

ಆ ನಿಧಾನದಲ್ಲೇ ಕಾಂಗಾ ಬಿಡಿಬಿಡಿಯಾಗಿ ಕೇಳಿಸಿತು. ಅವಳು ಕತ್ತರಿ ಕೆಳಗಿಟ್ಟಳು.

ಗಂಡ ಬಾರಿಸುವಾಗ ಪೆಟ್ಟು ಕೂದಲೆಳೆಯಷ್ಟು ತಡವಾಗಿ ಬೀಳುತ್ತದೆ, ಎಲ್ಲರೂ ಕೂತ ಮೇಲೆ ಕೂರುವ ಹಿರಿಯರ ಹಾಗೆ. ಒಳಕೋಣೆಯಿಂದ ವರ್ಷಗಟ್ಟಲೆ ಅದನ್ನು ಕೇಳುತ್ತಾ ಅವಳು ಪಾತ್ರೆ ತೊಳೆದಿದ್ದಾಳೆ, ಜ್ವರದಲ್ಲಿ ಮಲಗಿದ್ದಾಳೆ. ಇಲ್ಲಿ ಬೀಳುತ್ತಿದ್ದ ಪೆಟ್ಟು ಚುರುಕು, ಹೊಳಪು, ನೋಡಿ ನಾನು ಬಂದೆ ಎನ್ನುವಂಥದ್ದು. ಒಳ್ಳೆಯ ಕೈ. ಅವನ ಕೈಯಲ್ಲ.

ಮೂರನೆಯದನ್ನೂ ಕೇಳಿದಳು. ಅದೇ ಕೈ. ಅಲ್ಲಿಗೇ ನಿಲ್ಲಿಸಿದಳು.

ಹಾಗಾದರೆ ಇಷ್ಟು ದಿನ ಮಧ್ಯಾಹ್ನವಾದರೆ ಅಂಗಿ ಬದಲಾಯಿಸಿಕೊಂಡು ಹೋಗುತ್ತಿದ್ದದ್ದು ಎಲ್ಲಿಗೆ?

ಸಂಜೆ ಗಂಡ ಬಂದ. ಅತ್ತೆ ಬಟಾಣಿ ಸುಲಿಯುತ್ತಿದ್ದರು. ಅವಳು ಚಹಾ ತಂದಿಟ್ಟು ಎದುರಿಗೆ ಕೂತಳು. ಡಿಸ್ಕಿನ ಸುದ್ದಿ ಎತ್ತಲಿಲ್ಲ.

"ಮೇಷ್ಟ್ರು ಅಂಗಡಿಗೆ ಬಂದಿದ್ರು. ಫೋನಿನಲ್ಲಿ ಒಂಚೂರು ಕೇಳಿಸಿದ್ರು," ಎಂದಳು. ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ.

"ಹೌದಾ? ಏನು ಕೇಳಿಸಿದ್ರು?"

"ಎರಡನೇದು. ನಿಧಾನದ್ದು. ನಿಮ್ಮ ಕೈ ಎಷ್ಟು ಚೆನ್ನಾಗಿ ಬಿದ್ದಿದೆ."

ಅತ್ತೆಯ ಬೆರಳಲ್ಲಿದ್ದ ಬಟಾಣಿ ಸಿಪ್ಪೆ ನಿಂತಿತು. ಗಂಡ ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದುಕೊಂಡು, ಅದರೊಳಗೆ ನೋಡಿದ.

"ಹೂಂ," ಅಂದ. "ಆವತ್ತು ಚೆನ್ನಾಗಿ ಬಂತು."

ಬರಿಯ 'ಹೂಂ' ಆಗಿದ್ದರೆ ನುಂಗಿಕೊಳ್ಳಬಹುದಿತ್ತು. ಆವತ್ತು ಎಂದನಲ್ಲ. ಇಲ್ಲದ ಒಂದು ದಿನವನ್ನೇ ಕಟ್ಟಿ ಕೊಟ್ಟನಲ್ಲ. ಅವಳು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ತೊಳೆದದ್ದನ್ನೇ ಮತ್ತೆ ತೊಳೆದಳು.

ಹಿಂದಿನಿಂದ ಅತ್ತೆಯ ದನಿ ಕೇಳಿಸಿತು, ಮಗನಿಗೆ ಹೇಳಿದ್ದು: "ಸಾಕು ಮಾಡೋ." ಏನನ್ನು ಎಂದು ಗೊತ್ತಾಗಲಿಲ್ಲ. ಅತ್ತೆಗೂ ಗೊತ್ತಿದೆ ಎಂಬುದಷ್ಟೇ ಗೊತ್ತಾಯಿತು.

ಮರುದಿನ ಅಂಗಡಿಯಲ್ಲಿ ಡಿಸ್ಕನ್ನು ಮತ್ತೆ ಹಾಕಿದ್ದು ಸಂಗೀತಕ್ಕಲ್ಲ, ಸಾಕ್ಷಿಗೆ. ಜಗಳವಾಡುವುದಾದರೆ ಗಟ್ಟಿಯಾಗಿ ಆಡಬೇಕು. ಒಂದರಲ್ಲಿಯೂ ನಿಮ್ಮ ಕೈ ಇಲ್ಲ ಎಂದು ಹೇಳುವಂತಿರಬೇಕು. ಹೊಸಬನ ಅರ್ಧ ತೋಳಿನ ಅಂಚು ಮಡಿಸಿ ಹೊಲಿಯುತ್ತಾ ನಾಲ್ಕನೆಯದನ್ನು ಕೇಳಿದಳು. ಇಲ್ಲ. ಐದನೆಯದು ಶುರುವಾಯಿತು.

ಅದು ಎರಡು ಮರದ ಕಡ್ಡಿಗಳಿಂದ ಶುರುವಾಗುತ್ತದೆ. ಗೇಣುದ್ದದ, ಹೆಬ್ಬೆರಳು ದಪ್ಪದ ಕಡ್ಡಿಗಳು, ಕ್ಲಾವೆ ಎನ್ನುತ್ತಾರೆ. ಒಂದಕ್ಕೊಂದು ಬಡಿದರೆ ಟಕ್ ಎನ್ನುವುದಷ್ಟೇ ಅವುಗಳ ವಿದ್ಯೆ. ಮೂರು ಪೆಟ್ಟು, ಆಮೇಲೆ ಎರಡು. ಮತ್ತೆ ಮೂರು, ಮತ್ತೆ ಎರಡು. ಮದುವೆಗೆ ಮುಂಚೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಅವನು ಅವಳಿಗೆ ಇದನ್ನು ಚಪ್ಪಾಳೆಯಲ್ಲಿ ಕಲಿಸಿದ್ದ. ಹುಡುಗಿಯರಿಗೆ ಹೂ ಕೊಡುವ ಕಡೆ ಇವನು ಲೆಕ್ಕ ಕೊಡುತ್ತಾನಲ್ಲ ಎಂದು ಅವಳಿಗೆ ನಗು ಬಂದಿತ್ತು. "ನಗ್ಬೇಡ ಕಣೇ. ಇದು ಅಡಿಪಾಯ. ಮೇಲೆ ಯಾರು ಹೇಗೆ ಬೇಕಾದ್ರೂ ಕುಣೀಲಿ, ಇದು ಅಲ್ಲಾಡಬಾರದು. ಮೂರು ಮೊದಲು ಅಂತ ಶುರು ಮಾಡಿದ್ರೆ ಮುಗಿಯೋವರೆಗೂ ಮೂರೇ ಮೊದಲು. ಎರಡರ ಜಾಗದಲ್ಲಿ ಮೂರು ಬಿತ್ತೋ, ಇಡೀ ತಂಡ ಮೇಲು ಕೆಳಗೆ." ಈ ಸಂಗೀತದವರಲ್ಲಿ ಅದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲವಂತೆ.

ಐದನೆಯ ಹಾಡಿನ ನಡುವೆ ಮೇಷ್ಟ್ರು ಏರಿದರು. ಏರಿ ಏರಿ ಕಿರುಚುವಷ್ಟು ಎತ್ತರಕ್ಕೆ ಹೋಗಿ, ಇಳಿಯುವಾಗ ಖುಷಿಯಲ್ಲಿ ಕಾಲು ತಪ್ಪಿದರು. ಮೂರರ ಮೇಲೆ ಇಳಿಯಬೇಕಾದವರು ಎರಡರ ಮೇಲೆ ಇಳಿದರು. ನಾಯಕ ಇಳಿದದ್ದೇ ನೆಲ ಎಂದು ಪಿಯಾನೊ ಅತ್ತ ತಿರುಗಿತು. ಬಾಸ್ ತಿರುಗಿತು. ಚುರುಕು ಕೈಯ ಕಾಂಗಾ ಎಲ್ಲರಿಗಿಂತ ಮೊದಲು ತಿರುಗಿತು.

ಕಡ್ಡಿಗಳು ತಿರುಗಲಿಲ್ಲ.

ಮೊದಲು ಅವಳಿಗೆ ಕಡ್ಡಿಯವನೇ ತಪ್ಪಿದ ಅನ್ನಿಸಿತು. ಅಷ್ಟು ಜನರ ಎದುರು ಒಬ್ಬನ ಮಾತು ಹಾಗೇ ಕೇಳಿಸುತ್ತದೆ. ಆದರೆ ಆ ಟಕ್ ಟಕ್ ದನಿ ಏರಿಸಲಿಲ್ಲ, ಅವಸರ ಮಾಡಲಿಲ್ಲ, ಇಲ್ಲಿ ಬನ್ನಿ ಎಂದು ಕರೆಯಲೂ ಇಲ್ಲ. ಮುಂಚೆ ಎಷ್ಟು ಮೆಲ್ಲಗೆ ಹೇಳುತ್ತಿತ್ತೋ ಅಷ್ಟೇ ಮೆಲ್ಲಗೆ ಅದನ್ನೇ ಹೇಳುತ್ತಿತ್ತು.

ಅವಳ ಕಾಲು ಪೆಡಲಿನ ಮೇಲೆ ನಿಂತುಹೋಯಿತು.

ಈ ಮೊಂಡನನ್ನು ಅವಳು ಬಲ್ಲಳು. ಮಂಚದ ತಲೆಯನ್ನು ಯಾವ ಗೋಡೆಗೆ ಇಡಬೇಕೆಂಬ ಜಗಳದಲ್ಲಿ ಒಂದು ವಾರ ಇದೇ ಮನುಷ್ಯ ಇದೇ ದನಿಯಲ್ಲಿ ಒಂದೇ ವಾಕ್ಯ ಹೇಳಿದ್ದ. ಅವಳು ಕೂಗಾಡಿದಳು, ಮಾತು ಬಿಟ್ಟಳು, ತವರಿಗೆ ಫೋನು ಮಾಡಿದಳು. ಅವನು ಅದೇ ವಾಕ್ಯ. ನಿನ್ನೆಯಿಂದ ಅವನನ್ನು ಡ್ರಮ್ಮಿನಲ್ಲಿ ಹುಡುಕಿದಳಲ್ಲ. ಅವನು ಕಡ್ಡಿಯಲ್ಲಿ ಕೂತಿದ್ದ.

ಅಷ್ಟರಲ್ಲಿ ಸ್ಯಾಕ್ಸೊಫೋನಿಗೆ ಅದು ಕೇಳಿಸಿತು. ಕೇಳಿಸಿದ್ದು ಗೊತ್ತಾಗುತ್ತದೆ. ಮೇಷ್ಟ್ರು ಒಂದು ಸ್ವರವನ್ನು ಹಿಡಿದು ನಿಂತರು, ಪಕ್ಕದ ಮನೆಯನ್ನು ತನ್ನ ಮನೆಯೆಂದು ಹೊಕ್ಕವನು ಹೊಸಿಲಲ್ಲೇ ನಿಲ್ಲುವ ಹಾಗೆ. ನಿಂತು, ಕಾದು, ಮೂರರ ಮೊದಲ ಪೆಟ್ಟಿಗೆ ಸರಿಯಾಗಿ ವಾಪಸು ಬಂದರು. ಅವರ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ.

ಅವಳು ಅದನ್ನು ಮತ್ತೆ ಹಾಕಿದಳು. ಮತ್ತೆ. ಪ್ಯಾಂಟಿನ ಜಿಪ್ ಹಾಕಿಸಲು ಬಂದವರೊಬ್ಬರು ಬಾಗಿಲಲ್ಲಿ ಕೆಮ್ಮಿ ಕೆಮ್ಮಿ ಹೊರಟುಹೋದರು.

ಮನೆಗೆ ಬಂದವಳು ಚೀಲ ಕೂಡ ಇಳಿಸದೆ ಕೇಳಿದಳು. "ಅತ್ತೆ, ಅವರ ಕೈಗೆ ಏನಾಗಿದೆ?"

ಅತ್ತೆ ಕನ್ನಡಕ ತೆಗೆದರು. "ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಅದೇ ನನ್ನ ಸಂಕಟ."

"ಕೀಲು ಬಾತಿದೆ. ಎರಡು ಬೆರಳು ಪೂರ್ತಿ ಬಿಚ್ಚಲ್ಲ. ಡ್ರಮ್ಮಿನ ಮೇಲೆ ಒಂದು ಪೆಟ್ಟು ಹಾಕಿದ್ರೆ ಮೊಣಕೈವರೆಗೂ ಪ್ರಾಣ ಹೋಗತ್ತೆ. ದಿನಾ ಮಧ್ಯಾಹ್ನ ಆಸ್ಪತ್ರೇಲಿ ಬಿಸಿ ಮೇಣದಲ್ಲಿ ಕೈ ಅದ್ದಿಸ್ತಾರೆ, ನಾನೇ ಹೇಳಿ ಕಳಿಸ್ತಿರೋದು. ಅಲ್ಲಿಂದ ಸ್ಟುಡಿಯೋಕ್ಕೆ ಹೋಗ್ತಾನೆ. ಮೇಷ್ಟ್ರು ಕಡ್ಡಿ ಕೊಟ್ಟು ಕೂರಿಸಿಕೊಂಡಿದಾರೆ."

"ನಿಮಗೆ ಹೇಳ್ಬಹುದು. ಮೇಷ್ಟ್ರಿಗೆ ಹೇಳ್ಬಹುದು. ಆ ಹೊಸಬನಿಗೂ ಹೇಳ್ಬಹುದು."

"ನೀನು ಅವನ ಕೈ ನೋಡಿ ಮದುವೆ ಆದೋಳು ಅಂತ ಅವನ ತಲೇಲಿ ಕೂತಿದೆ. ನಾನೂ ಬೈದೆ. ನನ್ನ ಮಾತು ಯಾವತ್ತು ಕೇಳಿದಾನೆ ಅವನು?"

"ನಾನು ಏನೇನು ಅಂದ್ಕೊಂಡಿದ್ದೆ ಗೊತ್ತಾ ಅತ್ತೆ?"

"ಗೊತ್ತಿತ್ತು," ಎಂದರು ಅತ್ತೆ. "ಅವನ ಅಂಗಿ ಮೂಸಿ ಮೂಸಿ ಒಗೀತಿದ್ಯಲ್ಲ, ನನಗೇನು ಕಣ್ಣಿಲ್ವಾ? ಒಂದು ಲೆಕ್ಕಕ್ಕೆ ನನಗೆ ಸಮಾಧಾನವೇ ಆಗಿತ್ತು. ಬೇರೆ ಹೆಂಗಸು ಅಂದ್ಕೊಂಡ್ರೆ ಜಗಳ ಆಡ್ತಿ, ಬದುಕ್ತಿ. ಕೈ ಹೋಯ್ತು ಅಂದ್ರೆ ಕೂತು ಅಳ್ತಿ."

ಅವಳು ಚೀಲ ಇಳಿಸಿ ಡಿಸ್ಕನ್ನು ಹೊರತೆಗೆದಳು.

ಗಂಡ ಬಂದಾಗ ಡಿಸ್ಕನ್ನು ಅವನ ಮುಂದಿಟ್ಟಳು. ಅವನು ಅದನ್ನು ನೋಡಿದ, ತಾಯಿಯನ್ನು ನೋಡಿದ, ಕೊನೆಗೆ ಅವಳನ್ನು.

"ಐದನೇದ್ರಲ್ಲಿ ಎಲ್ಲರೂ ಆಚೆ ಹೋದ್ರು," ಎಂದಳು. "ನೀವೊಬ್ಬರೇ ಇದ್ರಿ."

ಅವನು ಡಿಸ್ಕನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, "ಅದು ಇರಲ್ಲ," ಎಂದ. "ನಾಳೆ ಅದನ್ನೇ ಸರಿ ಮಾಡಕ್ಕೆ ಕರೆದಿದಾರೆ. ಎಲ್ಲರನ್ನೂ ಮತ್ತೆ ಕೂರಿಸೋದು ಕಷ್ಟ. ಆ ಜಾಗದಲ್ಲಿ ನನ್ನ ಕಡ್ಡಿಯನ್ನ ಅವರ ಕಡೆ ತಿರುಗಿಸಿ ಬಾರಿಸಿಬಿಟ್ರೆ ತಪ್ಪು ಯಾರಿಗೂ ಕೇಳಿಸಲ್ಲ."

"ನೀವು ಏನಂದ್ರಿ?"

"ಆಯ್ತು ಅಂದೆ. ಕೈ ಹೋದವನನ್ನ ಇಟ್ಕೊಂಡಿದಾರೆ. ಬೇಡ ಅನ್ನಲಾ?"

ಇಡೀ ಆಲ್ಬಮಿನಲ್ಲಿ ಅವನು ಅವಳಿಗೆ ಸಿಕ್ಕಿದ್ದು ಅಲ್ಲೊಂದೇ ಕಡೆ. ಅದನ್ನು ಅವನಿಗೆ ಹೇಗೆ ಹೇಳುವುದೆಂದು ತಿಳಿಯಲಿಲ್ಲ. "ನಾಳೆ ನಾನೂ ಬರ್ತೀನಿ," ಎಂದಳು.

"ಅಂಗಡಿ?"

"ಮುಚ್ತೀನಿ."

"ಯಾಕೆ, ನಂಬಿಕೆ ಇಲ್ವಾ?"

"ಇಲ್ಲ," ಎಂದಳು. ಅತ್ತೆ ಒಳಗಿನಿಂದ, "ಸರಿಯಾಗಿ ಹೇಳಿದೆ," ಎಂದರು.

ಸ್ಟುಡಿಯೋ ಎಂದರೆ ನೆಲಮಾಳಿಗೆಯ ಎರಡು ಕೋಣೆ, ನಡುವೆ ಗಾಜು. ಗೋಡೆಗೆಲ್ಲ ಬೂದು ಸ್ಪಂಜು. ಮೇಷ್ಟ್ರು ಅವಳನ್ನು ಕಂಡು, ಗಂಡನನ್ನು ಕಂಡು, ವಿಷಯ ಅರ್ಥವಾಗಿ ಕಿವಿ ಕೆರೆದುಕೊಂಡರು. ಯಂತ್ರದ ಮುಂದೆ ಕೂತವನು ಅವಳಿಗೂ ಹೆಡ್‌ಫೋನ್ ಕೊಟ್ಟ. ಗಾಜಿನಾಚೆ ಗಂಡ ಒಬ್ಬನೇ ಸ್ಟೂಲಿನ ಮೇಲೆ ಕೂತ. ಎಡಗೈಯ ಬೆರಳು ಮಡಚಿ ಒಂದು ಕಡ್ಡಿಯನ್ನು ಅದರ ಮೇಲೆ ಮಲಗಿಸಿದ. ಬಾತಿದ್ದ ಗಿಣ್ಣುಗಳು ಇಲ್ಲಿಂದಲೂ ಕಾಣುತ್ತಿದ್ದವು. ಮನೆಯಲ್ಲಿ ದಿನವೂ ಇದೇ ಕೈ ಕಣ್ಣೆದುರು ಇತ್ತು. ಅವಳು ಮೂಸಿದ್ದಳು, ನೋಡಿರಲಿಲ್ಲ.

ಹಾಡು ಆ ಜಾಗಕ್ಕೆ ಬಂತು. ಮೇಷ್ಟ್ರು ಏರಿದರು, ಕಾಲು ತಪ್ಪಿದರು, ಎಲ್ಲರೂ ತಿರುಗಿದರು. ಗಂಡನ ಕಡ್ಡಿ ಎಂದಿನಂತೆ ಬಿತ್ತು. ತಿರುಗದೆ.

"ಇನ್ನೊಂದ್ಸಲ," ಎಂದರು ಮೇಷ್ಟ್ರು ಮೈಕಿನಲ್ಲಿ.

ಅವನು ತಲೆಯಾಡಿಸಿದ. ಈ ಸಲ ಕಣ್ಣು ಮುಚ್ಚಿಕೊಂಡ. ಜಾಗ ಬಂದಾಗ ಅವನ ಭುಜ ಬಿಗಿದದ್ದು, ತುಟಿ ಎಣಿಸಿದ್ದು ಅವಳಿಗೆ ಕಂಡಿತು. ತಿರುಗಿಸಲು ಪ್ರಯತ್ನ ಪಡುತ್ತಿದ್ದ, ಸುಳ್ಳಲ್ಲ. ಒಂದು ಪೆಟ್ಟು ಆಚೆ ಬಿತ್ತು. ಮುಂದಿನದು ತಾನಾಗಿ ಈಚೆ ಬಂದುಬಿಟ್ಟಿತು. ಮೂರನೆಯ ಸಲವೂ ಹಾಗೇ. ಅವನು ಕಡ್ಡಿಗಳನ್ನು ತೊಡೆಯ ಮೇಲಿಟ್ಟು ಗಾಜಿನ ಕಡೆ ನೋಡಿದ.

"ಆಗ್ತಿಲ್ಲ ಮೇಷ್ಟ್ರೇ."

"ಆಗ್ತಿಲ್ವೋ, ಮಾಡ್ತಿಲ್ವೋ?"

"ನನಗೇ ಗೊತ್ತಾಗ್ತಿಲ್ಲ."

ಮೇಷ್ಟ್ರು ಮೈಕಿನ ಗುಂಡಿ ಬಿಟ್ಟು ಅವಳ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟೂ ಇತ್ತು, ದಣಿವೂ ಇತ್ತು. "ಕೇಳ್ಬೇಡ ಅಂದ್ರೂ ಕೇಳಿದೀಯ ತಾನೇ? ಹೇಳು. ನನ್ನ ಹೆಸರಿನ ಆಲ್ಬಮ್ಮು. ಅಲ್ಲಿ ನಾನು ದಾರಿ ತಪ್ಪಿದ್ದು ಊರಿಗೆಲ್ಲ ಕೇಳಿಸ್ಬೇಕಾ?"

ದಾಕ್ಷಿಣ್ಯಕ್ಕೆ ಏನಾದರೂ ಹೇಳಬಹುದಿತ್ತು. ಈ ಕೆಲವು ತಿಂಗಳಲ್ಲಿ ಎಲ್ಲರೂ ದಾಕ್ಷಿಣ್ಯಕ್ಕೆ ಹೇಳಿದ್ದು ಅವಳಿಗೆ ಸಾಕಾಗಿತ್ತು.

"ತಪ್ಪಿದ್ದು ಕೇಳಿಸುತ್ತೆ," ಎಂದಳು. "ನೀವು ವಾಪಸ್ ಬಂದಿದ್ದೂ ಕೇಳಿಸುತ್ತೆ. ಅಲ್ಲಿಗೆ ಬಂದಾಗ ನಾನು ಹೊಲಿಗೆ ಮೆಷಿನ್ ನಿಲ್ಲಿಸಿದ್ದೆ. ಬೇರೆ ಎಲ್ಲೂ ನಿಲ್ಲಿಸಿಲ್ಲ."

ಮೇಷ್ಟ್ರು ಅವಳನ್ನು ದುರುಗುಟ್ಟಿ ನೋಡಿದರು. ಇವಳು ಗಂಡನ ಪರವಾಗಿ ಹೇಳುತ್ತಿದ್ದಾಳೋ ಹಾಡಿನ ಪರವಾಗಿ ಹೇಳುತ್ತಿದ್ದಾಳೋ ಎಂದು ಅವರಿಗೂ ಅನುಮಾನ ಬಂದಿರಬೇಕು. ಯಂತ್ರದವನಿಗೆ ಆ ಜಾಗವನ್ನು ಮತ್ತೆ ಹಾಕು ಎಂದರು. ಈ ಸಲ ಕೇಳಿಸಿದ್ದು ಕಡ್ಡಿಯ ಹಳೆಯ ಪೆಟ್ಟುಗಳೇ. ತಮ್ಮದೇ ಆ ನಿಂತ ಸ್ವರ ಬಂದಾಗ, ಕೈಯಲ್ಲಿ ಸ್ಯಾಕ್ಸೊಫೋನ್ ಇಲ್ಲದಿದ್ದರೂ, ಅವರು ಉಸಿರು ಹಿಡಿದರು. ಮೂರರ ಮೊದಲ ಪೆಟ್ಟು ಬಿದ್ದ ಮೇಲೆ ಬಿಟ್ಟರು.

"ಹಾಗೇ ಇರ್ಲಿ," ಎಂದು ಯಂತ್ರದವನಿಗೆ ಹೇಳಿದರು. ಮೈಕಿನಲ್ಲಿ, "ಎದ್ದು ಬಾರೋ," ಎಂದರು.

ಹೊರಗೆ ಬಿಸಿಲಿತ್ತು. ಇಬ್ಬರೂ ಸ್ವಲ್ಪ ದೂರ ನಡೆದರು. ಅಂಗಡಿಯ ಕಡೆ ಹೋಗುವ ತಿರುವಿನಲ್ಲಿ ಅವಳು ತಿರುಗಲಿಲ್ಲ.

"ಎಲ್ಲಿಗೆ?" ಎಂದು ಅವನು ಕೇಳಿದ.

"ನೀವು ಮೇಣಕ್ಕೆ ಹೋಗ್ಬೇಕಲ್ಲ. ಎಲ್ಲಿದೆ ಅದು ತೋರಿಸಿ."

"ಅದು ಆಸ್ಪತ್ರೆ ಕಣೇ. ಇನ್ನೂ ಅನುಮಾನಾನಾ?"

"ಮೇಣ ಎಷ್ಟು ಬಿಸಿ ಇರುತ್ತೆ ಅಂತ ನೋಡ್ಬೇಕು," ಎಂದಳು. ಅವನು ನಡೆಯತೊಡಗಿದ. ಅವಳು ಅವನ ಹಿಂದೆಯೇ ಹೋದಳು, ಯಾವ ಬೀದಿಯಲ್ಲಿ ತಿರುಗುತ್ತಾನೆಂದು ಗಮನವಿಟ್ಟು ನೋಡುತ್ತಾ.